‘ರಜೆ’ ಎಂಬ ಶಬ್ದದ ಅರ್ಥವೂ ಬಳಕೆಯೂ

೧

ಕನ್ನಡನಾಡಿನ ಮಕ್ಕಳು ಶಾಲೆಗೆ ಸೇರಿದ ಕೆಲವು ದಿನಗಳಲ್ಲಿಯೇ ಅರಿತುಕೊಳ್ಳುವ ಮಾತುಗಳಲ್ಲಿ ‘ರಜೆ’ ಎಂಬುದು ಒಂದು. ಕಚೇರಿಯ ಗುಮಾಸ್ತನಿಂದ ಮೊದಲ್ಗೊಂಡು ಗಿರಣಿಯ ಕೆಲಸಗಾರನವರೆಗೆ, ಅಧ್ಯಾಪಕನಿಂದ ಮೊದಲ್ಗೊಂಡು ಮನೆಗೆಲಸದವಳವರೆಗೆ ಈ ಶಬ್ದವನ್ನು ಬಳಸದವರು ವಿರಳ. ಇಷ್ಟು ಬಳಕೆಯುಳ್ಳ ಶಬ್ದದ ಅರ್ಥವನ್ನು ವಿಚಾರಿಸುವುದು ಅನಾವಶ್ಯಕವೆಂದು ಮೊದಲು ತೋರಬಹುದು. ‘ಕೆಲಸವಿಲ್ಲದ ದಿನ’ ಎಂದರೆ ಸಾಲದೆ ಎಂದು ಯಾರಾದರೂ ಕೇಳಬಹುದು. ಆದರೆ ಮೂಲದಲ್ಲಿ ಈ ಶಬ್ದಕ್ಕೆ ದಿನವೆಂಬ ಅರ್ಥವೂ ಇಲ್ಲ, ಬಿಡುವೆಂಬ ಅರ್ಥವೂ ಇಲ್ಲ. ಅದರ ಮೂಲಾರ್ಥ ‘ಒಪ್ಪಿಗೆ’. ಒಬ್ಬನ ಒಪ್ಪಿಗೆಯನ್ನು ಹೇಳುತ್ತಿದ್ದ ಶಬ್ದವು ಎಲ್ಲರ ಬಿಡುವನ್ನು ಹೇಳುವಂತಾದ ಬಗೆಯನ್ನೂ, ಆ ಹಳೆಯ ಅರ್ಥವು ಇನ್ನೂ ಎಲ್ಲೆಲ್ಲಿ ಉಳಿದುಕೊಂಡು ನೌಕರನ ಬಾಳನ್ನು ಮುಟ್ಟುತ್ತಿರುವುದೆಂಬುದನ್ನೂ ವಿಚಾರಿಸುವುದು ಈ ಲೇಖನದ ಉದ್ದೇಶ.

೨

‘ರಜೆ’ಯು ಅರಬ್ಬಿಯಿಂದ ಪಾರಸಿಯ ಮೂಲಕ ಬಂದ ಶಬ್ದ. ಅರಬ್ಬಿಯಲ್ಲಿ ಇದರ ರೂಪ ‘ರಿದಾ’ ಎಂಬಂತಿದ್ದು, ಅದರ ನಡುವಣ ಅಕ್ಷರವು ಆ ಭಾಷೆಗೆ ವಿಶಿಷ್ಟವಾದ ‘ದಾದ್’ ಎಂಬುದಾಗಿದೆ. ಪಾರಸಿಯವರು ಈ ಅಕ್ಷರವನ್ನು ಸಕಾರದ ಮೃದುರೂಪದಂತೆ ಉಚ್ಚರಿಸುವರು. ಆ ಧ್ವನಿಯು ಕನ್ನಡದಲ್ಲಿ ಇಲ್ಲದ ಕಾರಣ ಕನ್ನಡಿಗರು ಅದನ್ನು ಜಕಾರವಾಗಿ ಮಾಡಿಕೊಂಡರು. ಇದು ಒಂದು ಶಬ್ದದ ಕಥೆ ಮಾತ್ರವಲ್ಲ. ಅರ್ಜಿ, ಹಾಜರು, ಜಾಮೀನು, ಜಪ್ತಿ, ಕಬ್ಜ, ಖಾಜಿ, ಜಿಲ್ಲೆ — ಇವುಗಳಲ್ಲಿ ಕಾಣುವ ಜಕಾರವೆಲ್ಲವೂ ಅದೇ ಅರಬ್ಬಿ ಅಕ್ಷರದಿಂದ ಬಂದುದು. ಬಹಮನೀ ಮತ್ತು ಆದಿಲಶಾಹೀ ಅರಸರ ಆಳಿಕೆ, ಮೊಗಲರ ಆಳಿಕೆ, ಮರಾಠರ ಆಡಳಿತ, ಹೈದರ್ ಮತ್ತು ಟೀಪುವಿನ ದೊರೆತನ — ಇವುಗಳ ಕಾಲದಲ್ಲಿ ಲೆಕ್ಕಪತ್ರಗಳ ಜೊತೆಯಲ್ಲಿ ಇಂಥ ಶಬ್ದಗಳು ಕನ್ನಡವನ್ನು ಹೊಕ್ಕು ನೆಲೆಸಿದುವು.

ಅರಬ್ಬಿಯಲ್ಲಿ ಈ ಶಬ್ದಕ್ಕೆ ಸಂತೋಷ, ತೃಪ್ತಿ, ಸಮ್ಮತಿ ಎಂಬ ಅರ್ಥಗಳುಂಟು. ಸೂಫಿಗಳ ಮತದಲ್ಲಿ ಭಗವಂತನು ವಿಧಿಸಿದುದೆಲ್ಲಕ್ಕೂ ಮನಸಾರೆ ಒಪ್ಪಿ ನಡೆಯುವ ಸ್ಥಿತಿಗೆ ಇದೇ ಹೆಸರು. ಸಿಖ್ಖರ ಧರ್ಮಗ್ರಂಥದಲ್ಲಿ ಇದು ದೇವರ ಇಚ್ಛೆಯೆಂಬ ಅರ್ಥದಲ್ಲಿ ಬಂದಿದೆ. ೧೨೩೬ರಿಂದ ೧೨೪೦ರವರೆಗೆ ದೆಹಲಿಯನ್ನಾಳಿದ ರಜಿಯಾ ಸುಲ್ತಾನಳ ಹೆಸರೂ ಈ ಧಾತುವಿನಿಂದಲೇ ಹುಟ್ಟಿದುದು. ಒಡೆಯನ ಸಂತೋಷದಿಂದ ದೊರೆಯುವುದು ಅನುಮತಿಯಾದುದರಿಂದ, ‘ಸಂತೋಷ’ವು ‘ಅನುಮತಿ’ಯಾಗಿ ಬದಲಾದುದು ಸಹಜವೇ ಆಗಿದೆ. ಮರಾಠಿಯಲ್ಲಿ ‘ರಜಾ’ ಎಂದರೆ ಅನುಮತಿ, ಅದರಲ್ಲಿಯೂ ಹೊರಟುಹೋಗಲು ಪಡೆಯುವ ಅನುಮತಿ. ‘ರಜಾ ಘೇಣೆ’ ಎಂದರೆ ಬೀಳ್ಕೊಳ್ಳುವುದು. ಕನ್ನಡದ ‘ರಜೆ’ಯ ಈಗಿನ ಅರ್ಥಕ್ಕೆ ದಾರಿಯು ಇಲ್ಲಿಂದಲೇ ತೆರೆಯಿತು.

ಸಂಸ್ಕೃತದ ‘ರಜಸ್’ ಎಂಬ ಶಬ್ದಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಧೂಳಿಯನ್ನೂ ಮೂರು ಗುಣಗಳಲ್ಲಿ ಒಂದನ್ನೂ ಹೇಳುವ ಆ ಶಬ್ದವು ಬೇರೆ. ಆಡುಮಾತಿನಲ್ಲಿ ಎರಡೂ ‘ರಜ’ ಎಂದಾಗುವುದು ಆಕಸ್ಮಿಕ.

೩

ಕನ್ನಡದಲ್ಲಿ ಈ ಶಬ್ದವು ರಜ, ರಜಾ, ರಜೆ ಎಂದು ಮೂರು ವಿಧವಾಗಿ ಕಾಣುವುದು. ಇವುಗಳಲ್ಲಿ ಯಾವುದು ಶುದ್ಧವೆಂದು ಹಲವರು ಕೇಳುವುದುಂಟು. ಮೂರಕ್ಕೂ ಅದರದರ ಸ್ಥಾನವಿದೆ. ಹಳಗನ್ನಡದ ಕಾಲದಿಂದಲೂ ಕನ್ನಡವು ಸಂಸ್ಕೃತದ ಆಕಾರಾಂತ ಶಬ್ದಗಳನ್ನು ಎಕಾರಾಂತವಾಗಿ ಮಾಡಿಕೊಳ್ಳುತ್ತ ಬಂದಿದೆ: ಮಾಲಾ ಎಂಬುದು ಮಾಲೆ, ಆಜ್ಞಾ ಎಂಬುದು ಆಜ್ಞೆ. ಆದರೆ ಸಮಾಸದ ಮೊದಲ ಪದವಾದಾಗ ಹಳೆಯ ಆಕಾರವೇ ಉಳಿಯುವುದು: ಮಾಲಾಕಾರ, ಆಜ್ಞಾಪತ್ರ. ಅರಬ್ಬಿಯಿಂದ ಬಂದ ಶಬ್ದವನ್ನೂ ಕನ್ನಡಿಗರು ಇದೇ ಅಚ್ಚಿನಲ್ಲಿ ಹೊಯ್ದರು. ತಾನೇ ನಿಂತಾಗ ‘ರಜೆ’. ಸಮಾಸದಲ್ಲಿ ‘ರಜಾದಿನ’, ‘ರಜಾಕಾಲ’. ‘ಜಿಲ್ಲೆ’ಯಲ್ಲಿಯೂ ಹೀಗೆಯೇ: ತಾನಾಗಿ ‘ಜಿಲ್ಲೆ’, ಸಮಾಸದಲ್ಲಿ ‘ಜಿಲ್ಲಾಧಿಕಾರಿ’. ಹಳೆಯ ಮೈಸೂರಿನ ಆಡುಮಾತಿನಲ್ಲಿ ಕೊನೆಯ ದೀರ್ಘವು ಕುಗ್ಗಿ ‘ರಜ’ ಎಂದಾಯಿತು. ‘ರಜಾದಿನ’ದಲ್ಲಿ ಅರಬ್ಬಿಯೂ ಸಂಸ್ಕೃತವೂ ಕೂಡಿಕೊಂಡಿರುವುದನ್ನು ಕಂಡು ಅರಿಸಮಾಸವೆಂದು ಹಳಿಯಬಹುದಾದರೂ, ಕಿವಿಗೆ ಎಲ್ಲಿಯೂ ಬಿರುಕು ತೋರದಷ್ಟು ಅದು ಬೆಸೆದುಹೋಗಿದೆ.

೪

ಈ ಶಬ್ದವು ಬರುವುದಕ್ಕೆ ಮುಂಚೆ ಕನ್ನಡಿಗರು ಬಿಡುವನ್ನೇ ಅರಿಯದಿದ್ದರೆಂದು ಭಾವಿಸಬಾರದು. ಆದರೆ ಆ ಬಿಡುವಿನ ಬಗೆಯೇ ಬೇರೆಯಾಗಿತ್ತು. ವೇದಪಾಠಶಾಲೆಗಳಲ್ಲಿ ಪಾಠವಿಲ್ಲದ ದಿನಕ್ಕೆ ‘ಅನಧ್ಯಾಯ’ವೆಂದು ಹೆಸರು. ಮನುಸ್ಮೃತಿಯ ನಾಲ್ಕನೆಯ ಅಧ್ಯಾಯದಲ್ಲಿ ಅನಧ್ಯಾಯದ ದೊಡ್ಡ ಪಟ್ಟಿಯೇ ಇದೆ. ಅಮಾವಾಸ್ಯೆ, ಪೂರ್ಣಿಮೆ, ಅಷ್ಟಮಿ, ಚತುರ್ದಶಿಗಳಲ್ಲಿ ಓದಿದರೆ ಗುರುವಿಗೋ ಶಿಷ್ಯನಿಗೋ ವೇದಕ್ಕೋ ಕೇಡೆಂದು ಅಲ್ಲಿ ಹೇಳಿದೆ. ಇಲ್ಲಿ ಅನುಮತಿಯ ಮಾತಿಲ್ಲ, ಇರುವುದು ನಿಷೇಧ. ಗುರುವು ಮನಸ್ಸು ಮಾಡಿ ಶಿಷ್ಯನನ್ನು ಬಿಟ್ಟದ್ದಲ್ಲ, ತಿಥಿಯೇ ಇಬ್ಬರನ್ನೂ ತಡೆದದ್ದು. ರೈತರಲ್ಲಿ ಅನೇಕ ಕಡೆ ಸೋಮವಾರ ಬಸವನ ದಿನವೆಂದು ಎತ್ತಿನ ಹೆಗಲಿಗೆ ನೊಗವಿಡುವುದಿಲ್ಲ. ಆ ಬಿಡುವನ್ನು ರೈತನು ಯಾರಿಂದಲೂ ಬೇಡಿ ಪಡೆದುದಲ್ಲ. ಎತ್ತಿಗೆ ಸಲ್ಲುವುದನ್ನು ತಾನು ಸಲ್ಲಿಸಿದುದು.

ಅನುಮತಿ ಬೇಕಾಗುತ್ತಿದ್ದುದು ಅರಸನ ಸಭೆಯಿಂದ, ಹಿರಿಯರ ಸಮ್ಮುಖದಿಂದ ಹೊರಡುವಾಗ. ಅದಕ್ಕೆ ಅಚ್ಚಗನ್ನಡದಲ್ಲಿ ‘ಬೀಳ್ಕೊಳ್’, ‘ಬೀಳ್ಕೊಡು’ ಎಂಬ ಜೋಡಿ ಶಬ್ದಗಳಿದ್ದುವು. ಹೊರಡುವವನು ಬೀಳ್ಕೊಳ್ಳುವನು, ಇರುವವನು ಬೀಳ್ಕೊಡುವನು. ಈಗ ‘ಬೀಳ್ಕೊಡುಗೆ’ಯು ಹಾರ ಹಾಕಿ ಕಳುಹಿಸುವ ಸಮಾರಂಭವಾಗಿರುವುದಾದರೂ, ಅದರ ಒಡಲಲ್ಲಿ ಅಪ್ಪಣೆ ಪಡೆದಲ್ಲದೆ ಹೊರಡಕೂಡದೆಂಬ ಹಳೆಯ ಮರ್ಯಾದೆಯೇ ಇದೆ. ‘ಅಪ್ಪಣೆ’ ಎಂಬ ಶಬ್ದವನ್ನೂ ಇಲ್ಲಿ ನೆನೆಯಬೇಕು. ಅದು ಆಜ್ಞೆಯೂ ಹೌದು, ಅನುಮತಿಯೂ ಹೌದು. ‘ಅಪ್ಪಣೆಯಾದರೆ ಹೊರಡುವೆನು’ ಎಂಬಲ್ಲಿ ಅನುಮತಿ. ‘ದೊರೆಯ ಅಪ್ಪಣೆಯಂತೆ ನಡೆದರು’ ಎಂಬಲ್ಲಿ ಆಜ್ಞೆ. ‘ಸ್ವಾಮಿಗಳು ಹೀಗೆ ಅಪ್ಪಣೆ ಕೊಡಿಸಿದರು’ ಎಂಬಲ್ಲಿ ಬರಿಯ ‘ಹೇಳಿದರು’ ಎಂಬುದರ ಗೌರವರೂಪ. ತೆಲುಗಿನ ‘ಸೆಲವು’ ಎಂಬ ಶಬ್ದವು ಈ ಮೂರನ್ನೂ ಹೇಳಿ, ಅದರ ಮೇಲೆ ಬಿಡುವಿನ ದಿನವನ್ನೂ ಹೇಳುತ್ತದೆ. ಕನ್ನಡದಲ್ಲಿ ‘ಅಪ್ಪಣೆ’ಯು ಅಷ್ಟು ದೂರ ಹೋಗಲಿಲ್ಲ, ಉಳಿದ ದಾರಿಯನ್ನು ‘ರಜೆ’ಯು ನಡೆಯಿತು.

ಇಂಗ್ಲಿಷಿನಲ್ಲಿಯೂ ಇದೇ ಬೆಳವಣಿಗೆ ಕಂಡುಬರುವುದು ಗಮನಾರ್ಹ. ಆ ಭಾಷೆಯಲ್ಲಿ ರಜೆಗೆ ಹೇಳುವ ‘ಲೀವ್’ ಎಂಬ ನಾಮಪದಕ್ಕೆ ಮೂಲದಲ್ಲಿ ಅನುಮತಿಯೆಂದೇ ಅರ್ಥ. ಬಿಟ್ಟುಹೋಗು ಎಂಬ ಅರ್ಥದ ಕ್ರಿಯಾಪದವು ರೂಪದಲ್ಲಿ ಒಂದೇ ಆದರೂ ಹುಟ್ಟಿನಲ್ಲಿ ಬೇರೆ. ‘ಹಾಲಿಡೇ’ ಎಂಬುದು ‘ಪವಿತ್ರ ದಿನ’. ಉತ್ತರ ಕರ್ನಾಟಕದಲ್ಲಿ ಶಾಲೆಯ ಮಕ್ಕಳು ‘ಸೂಟಿ’ ಎನ್ನುವರು. ಅದು ಮರಾಠಿಯಿಂದ ಬಂದುದು. ಬಿಚ್ಚಿಕೊಳ್ಳು, ಬಿಡುಗಡೆಯಾಗು ಎಂಬ ಅರ್ಥದ ಧಾತುವು ಅದರ ಮೂಲ. ಹಿಂದಿಯ ‘ಛುಟ್ಟೀ’ಯೂ ಹಾಗೆಯೇ. ಹೀಗೆ ಅನಧ್ಯಾಯದಲ್ಲಿ ನಿಷೇಧ, ಹಾಲಿಡೇಯಲ್ಲಿ ಪಾವಿತ್ರ್ಯ, ಸೂಟಿಯಲ್ಲಿ ಬಿಡುಗಡೆ, ರಜೆಯಲ್ಲಿ ಒಪ್ಪಿಗೆ — ಬಿಡುವು ಒಂದೇ, ಅದನ್ನು ನೋಡಿದ ಕಣ್ಣು ಬೇರೆ ಬೇರೆ.

೫

‘ರಜೆ’ಯ ಒಡಹುಟ್ಟಿದ ಶಬ್ದಗಳನ್ನು ಜೊತೆಯಲ್ಲಿಟ್ಟು ನೋಡಿದರೆ ಅದರ ಅರ್ಥವು ಇನ್ನೂ ಸ್ಪಷ್ಟವಾಗುವುದು. ‘ರಾಜಿ’ ಎಂದರೆ ಒಪ್ಪಿದವನು, ಸಮ್ಮತಿಯುಳ್ಳವನು. ವ್ಯಾಜ್ಯದ ಎರಡು ಪಕ್ಷದವರೂ ಒಪ್ಪಿದಾಗ ಆಗುವುದು ‘ರಾಜಿ’. ‘ರಾಜೀನಾಮೆ’ ಎಂದರೆ ಒಪ್ಪಿಗೆಯ ಪತ್ರ. ಮುಂಬಯಿ ಆಧಿಪತ್ಯಕ್ಕೆ ಸೇರಿದ್ದ ಕನ್ನಡ ಜಿಲ್ಲೆಗಳ ಕಂದಾಯದ ವ್ಯವಹಾರದಲ್ಲಿ, ರೈತನು ತನ್ನ ಹಿಡುವಳಿಯನ್ನು ಒಪ್ಪಿ ಬಿಟ್ಟುಕೊಡುವುದಕ್ಕೆ ರಾಜೀನಾಮೆಯೆಂದೂ, ಅದನ್ನು ಹೊಸಬನು ಒಪ್ಪಿ ವಹಿಸಿಕೊಳ್ಳುವುದಕ್ಕೆ ಕಬೂಲಾಯತಿಯೆಂದೂ ಹೆಸರು. ಭೂಮಿಯನ್ನು ಬಿಡುವ ಪತ್ರವು ಕಾಲಕ್ರಮದಲ್ಲಿ ಹುದ್ದೆಯನ್ನು ಬಿಡುವ ಪತ್ರವಾಯಿತು.

ಈ ಮೂರು ಶಬ್ದಗಳಲ್ಲಿ ಒಪ್ಪಿಗೆಯು ಯಾರದೆಂಬುದನ್ನು ನೋಡಬೇಕು. ರಾಜಿಯಲ್ಲಿ ಒಪ್ಪಿಗೆಯು ಇಬ್ಬರದೂ. ರಾಜೀನಾಮೆಯಲ್ಲಿ ಅದು ಬಿಟ್ಟುಹೋಗುವವನದು. ರಜೆಯಲ್ಲಾದರೆ ಹೋಗುವವನ ಒಪ್ಪಿಗೆಯ ಪ್ರಶ್ನೆಯೇ ಇಲ್ಲ, ಅದು ಕಳುಹಿಸುವವನದು. ನೌಕರನೊಬ್ಬನು ಶಾಶ್ವತವಾಗಿ ಬಿಟ್ಟುಹೋಗುವುದಕ್ಕೆ ತನ್ನ ಒಪ್ಪಿಗೆಯ ಪತ್ರವನ್ನು ಬರೆಯುವನು. ಎರಡು ದಿನದ ಮಟ್ಟಿಗೆ ಹೋಗುವುದಕ್ಕೆ ಒಡೆಯನ ಒಪ್ಪಿಗೆಯನ್ನು ಬೇಡುವನು.

ಇದೇ ಮೂಲದಿಂದ ಹುಟ್ಟಿದ ಇನ್ನೊಂದು ಶಬ್ದವು ‘ರಜಾಕಾರ’. ತನ್ನ ಇಚ್ಛೆಯಿಂದಲೇ ಕೆಲಸಮಾಡುವವನು, ಅಂದರೆ ಸ್ವಯಂಸೇವಕನು ಎಂದು ಇದರ ಅರ್ಥ. ೧೯೪೭–೪೮ರಲ್ಲಿ ಹೈದರಾಬಾದು ಸಂಸ್ಥಾನದಲ್ಲಿ ಈ ಹೆಸರಿನ ದಳವು ನಡೆಸಿದ ಹಿಂಸೆಯಿಂದ ಬೀದರ, ಕಲಬುರ್ಗಿ, ರಾಯಚೂರು ಸೀಮೆಗಳಲ್ಲಿ ಈ ಶಬ್ದವು ಭಯದ ಮಾತಾಯಿತು. ೧೯೪೮ನೆಯ ಇಸವಿ ಸೆಪ್ಟೆಂಬರಿನಲ್ಲಿ ಭಾರತದ ಸೇನೆಯು ಸಂಸ್ಥಾನವನ್ನು ಹೊಕ್ಕ ಮೇಲೆ ಆ ದಳವು ಮುರಿಯಿತು. ಸಮ್ಮತಿಯೆಂಬ ಸೌಮ್ಯವಾದ ಧಾತುವಿನಿಂದ ಹುಟ್ಟಿದ ಶಬ್ದವನ್ನು ಆ ಭಾಗದ ಹಿರಿಯರು ಬಹುಕಾಲ ನಡುಗುತ್ತಲೇ ನುಡಿದರು. ಶಬ್ದದ ಮೂಲವು ಎಷ್ಟು ಒಳ್ಳೆಯದಾದರೂ ಜನರು ಕಂಡುಂಡ ಅನುಭವವೇ ಅದರ ಅರ್ಥವನ್ನು ಕೊನೆಗೆ ನಿರ್ಣಯಿಸುವುದೆಂಬುದಕ್ಕೆ ಇದು ಸಾಕ್ಷಿ.

೬

ಇನ್ನು ದಿನಬಳಕೆಯ ವಿಚಾರ. ಶಬ್ದದ ಅರ್ಥವು ಎಷ್ಟು ದೂರ ಸರಿದಿದೆಯೆಂಬುದನ್ನು ಅದರ ಜೊತೆಗೆ ಬರುವ ಕ್ರಿಯಾಪದಗಳೇ ತಿಳಿಸುವುವು. ‘ಸಾಹೇಬರು ರಜೆ ಕೊಟ್ಟರು’, ‘ರಜೆ ಮಂಜೂರಾಯಿತು’ ಎಂಬಲ್ಲಿ ಮೂಲಾರ್ಥವು ಇನ್ನೂ ಜೀವಂತವಾಗಿದೆ; ಕೊಡುವವನೊಬ್ಬನು ಇದ್ದಾನೆ. ‘ಮಂಜೂರು’ ಎಂಬುದಕ್ಕೂ ಮೂಲದಲ್ಲಿ ‘ನೋಡಲ್ಪಟ್ಟುದು’ ಎಂದು ಅರ್ಥ. ‘ನಜರು’ ಎಂಬ ಶಬ್ದವು ಅದರ ಬಂಧು. ಅಧಿಕಾರಿಯ ಕಣ್ಣಿಗೆ ಬಿದ್ದುದೇ ಅನುಗ್ರಹವೆಂದು ಭಾವಿಸಿದ ಕಾಲದ ಗುರುತು ಅದು. ‘ರಜೆ ಸಿಕ್ಕಿತು’ ಎಂಬಲ್ಲಿ ಕೊಡುವವನು ಮರೆಯಾಗಿದ್ದಾನೆ. ‘ದಸರೆಯ ರಜೆ ಬಂತು’ ಎಂಬಲ್ಲಿ ರಜೆಯು ಮಳೆಗಾಲದಂತೆ ತಾನಾಗಿ ಬರುವ ವಸ್ತುವಾಗಿದೆ. ‘ನಿನ್ನೆ ಏಕೆ ರಜ ಮಾಡಿದೆ?’ ಎಂದು ಉಪಾಧ್ಯಾಯರು ಹುಡುಗನನ್ನು ಕೇಳುವಲ್ಲಿಯಾದರೋ ಅರ್ಥವು ಪೂರ್ತಿಯಾಗಿ ತಿರುಗಿಬಿದ್ದಿದೆ. ಅನುಮತಿಯನ್ನು ಹೇಳುತ್ತಿದ್ದ ಶಬ್ದವು ಇಲ್ಲಿ ಅನುಮತಿಯಿಲ್ಲದ ಗೈರುಹಾಜರಿಯನ್ನು ಹೇಳುತ್ತಿದೆ.

ವಿಭಕ್ತಿಯ ಬಳಕೆಯಲ್ಲಿಯೂ ಒಂದು ವಿಶೇಷವುಂಟು. ‘ನನಗೆ ರಜೆ’ ಎಂದರೆ ಒಬ್ಬನಿಗೆ. ‘ಶಾಲೆಗೆ ರಜೆ’ ಎಂದರೆ ಶಾಲೆಗೇ. ಕರಾವಳಿ, ಮಲೆನಾಡು, ಕೊಡಗುಗಳಲ್ಲಿ ಮಳೆಯು ವಿಪರೀತವಾದಾಗ ‘ಜಿಲ್ಲಾಧಿಕಾರಿಗಳು ಶಾಲೆಗಳಿಗೆ ರಜೆ ಘೋಷಿಸಿದರು’ ಎಂದು ಪತ್ರಿಕೆಗಳು ಬರೆಯುವುವು. ಇಲ್ಲಿ ಯಾರೂ ಬೇಡಲಿಲ್ಲ, ಯಾರೂ ಅರ್ಜಿ ಬರೆಯಲಿಲ್ಲ. ಆದರೂ ಅಧಿಕಾರಿಯ ಮಾತಿಲ್ಲದೆ ಅದು ರಜೆಯಾಗುವುದಿಲ್ಲ. ಇನ್ನು ‘ಇಂದು ಅಡಿಗೆಗೆ ರಜೆ’ ಎಂದು ಮನೆಯಾಕೆಯು ನಗುತ್ತ ಹೇಳುವಲ್ಲಿ ಒಪ್ಪಿಗೆ ಕೊಟ್ಟವಳೂ ಪಡೆದವಳೂ ಒಬ್ಬಳೇ.

‘ರಜೆ ಹಾಕು’ ಎಂಬ ನುಡಿಗಟ್ಟನ್ನು ಪ್ರತ್ಯೇಕವಾಗಿ ವಿಚಾರಿಸಬೇಕು. ಇದು ‘ರಜೆಗೆ ಅರ್ಜಿ ಹಾಕು’ ಎಂಬುದರ ಸಂಕ್ಷೇಪ. ನಡುವಣ ‘ಅರ್ಜಿ’ಯು ಬಿದ್ದುಹೋದುದರಿಂದ ಬೇಡಿಕೆಯೇ ಕಾರ್ಯಸಿದ್ಧಿಯಂತೆ ಕೇಳುವುದು. ‘ಎರಡು ದಿನ ರಜೆ ಹಾಕಿದ್ದೇನೆ’ ಎಂದವನು ಅರ್ಜಿಯನ್ನು ಮೇಜಿನ ಮೇಲಿಟ್ಟು ಊರಿಗೆ ಹೊರಟಿರಬಹುದು. ಆ ಅರ್ಜಿಯನ್ನು ಮೇಲಧಿಕಾರಿಯು ಇನ್ನೂ ನೋಡಿಯೇ ಇರಲಿಕ್ಕಿಲ್ಲ. ಆಡುಮಾತಿನ ಪ್ರಕಾರ ಅವನು ರಜೆಯಲ್ಲಿದ್ದಾನೆ. ಕಾಗದದ ಪ್ರಕಾರ ಗೈರುಹಾಜರಾಗಿದ್ದಾನೆ. ರಜೆಯಲ್ಲಿರುವವನೂ ಗೈರುಹಾಜರಾದವನೂ ಇಬ್ಬರೂ ಮನೆಯಲ್ಲಿಯೇ ಇರುವರು. ಅವರಿಬ್ಬರಿಗೂ ಇರುವ ಭೇದವು ಒಬ್ಬ ಅಧಿಕಾರಿಯ ಒಪ್ಪಿಗೆ ಮಾತ್ರವೇ. ಆ ಭೇದದಿಂದ ಸಂಬಳ ಕಡಿತವಾಗಬಹುದು, ಸೇವೆಯ ಎಣಿಕೆ ಮುರಿಯಬಹುದು, ಶಿಸ್ತುಕ್ರಮ ನಡೆದು ಕೆಲಸವೇ ಹೋಗಬಹುದು. ಶಬ್ದದ ಮೂಲಾರ್ಥವನ್ನು ಅರಿಯುವುದು ಪಂಡಿತರ ವಿನೋದ ಮಾತ್ರವಲ್ಲವೆಂಬುದು ಇದರಿಂದ ತಿಳಿಯುವುದು.

೭

ಸರ್ಕಾರದ ನಿಯಮಗಳು ಮೂಲಾರ್ಥವನ್ನು ಮರೆತಿಲ್ಲ. ೧೯೨೨ರಲ್ಲಿ ಜಾರಿಗೆ ಬಂದ ಮೂಲ ನಿಯಮಗಳಲ್ಲಿ ಅರವತ್ತೇಳನೆಯದು, ರಜೆಯನ್ನು ಹಕ್ಕೆಂದು ಕೇಳುವಂತಿಲ್ಲವೆಂದು ವಿಧಿಸಿತು. ಸಾರ್ವಜನಿಕ ಸೇವೆಯ ಅಗತ್ಯಕ್ಕೆ ತಕ್ಕಂತೆ ರಜೆಯನ್ನು ನಿರಾಕರಿಸುವ, ಕೊಟ್ಟುದನ್ನು ಹಿಂದಕ್ಕೆ ಪಡೆಯುವ ವಿವೇಚನೆಯು ಕೊಡುವವನದೇ ಎಂದು ಅದರ ತಾತ್ಪರ್ಯ. ಕೇಂದ್ರ ಸರ್ಕಾರದ ನೌಕರರಿಗಾಗಿ ೧೯೭೨ರಲ್ಲಿ ಮಾಡಿದ ರಜಾ ನಿಯಮಗಳೂ ಇದನ್ನೇ ಹೇಳಿದುವು. ಅರಬ್ಬಿ ಶಬ್ದದ ಚರಿತ್ರೆಯನ್ನು ಈ ನಿಯಮಗಳನ್ನು ರಚಿಸಿದವರು ನೆನೆದಿರಲಿಕ್ಕಿಲ್ಲ. ಆದರೂ ಅವರು ಬರೆದುದು ಆ ಶಬ್ದದ ಮೊದಲ ಅರ್ಥವನ್ನೇ.

ಹೀಗಿರುವಲ್ಲಿ ‘ಗಳಿಕೆ ರಜೆ’ ಎಂಬ ಮಾತು ವಿಚಿತ್ರವಾಗಿ ತೋರುವುದು. ದುಡಿದು ಗಳಿಸಿದುದು ಒಬ್ಬನ ಸ್ವತ್ತು. ಒಪ್ಪಿಗೆಯಾದರೋ ಇನ್ನೊಬ್ಬನ ಕೈಯಲ್ಲಿರುವುದು. ಗಳಿಸಿದುದು ಲೆಕ್ಕದಲ್ಲಿ ನೌಕರನದಾದರೂ ಅದನ್ನು ಯಾವಾಗ ಅನುಭವಿಸಬೇಕೆಂಬುದು ಅಧಿಕಾರಿಯದು ಎಂದು ಈ ವಿರೋಧವನ್ನು ಪರಿಹರಿಸಿಕೊಳ್ಳಬೇಕು. ಇದಕ್ಕಿಂತಲೂ ವಿಚಿತ್ರವಾದುದು ‘ಸಾಂದರ್ಭಿಕ ರಜೆ’. ನೌಕರರು ಎಲ್ಲಕ್ಕಿಂತ ಹೆಚ್ಚಾಗಿ ಬಳಸುವುದು ಇದನ್ನೇ. ಆದರೆ ಕೇಂದ್ರದ ನಿಯಮಗಳ ದೃಷ್ಟಿಯಲ್ಲಿ ಇದು ಮಾನ್ಯವಾದ ರಜೆಯ ಬಗೆಯೇ ಅಲ್ಲ. ಇದನ್ನು ಪಡೆದವನು ಕರ್ತವ್ಯದಿಂದ ದೂರವಿದ್ದನೆಂದು ಎಣಿಸುವುದಿಲ್ಲ.

ಕನ್ನಡದಲ್ಲಿ ಒಂದೇ ಶಬ್ದವು ಎರಡು ಕೆಲಸ ಮಾಡುವುದರಿಂದಲೂ ತೊಡಕುಂಟು. ಒಬ್ಬನಿಗೆ ಕೊಟ್ಟ ಅನುಮತಿಯೂ ರಜೆ. ಎಲ್ಲರಿಗೂ ಸಾರಿದ ಬಿಡುವೂ ರಜೆ. ಕೇಂದ್ರದ ನಿಯಮಗಳಲ್ಲಿ ಗಳಿಕೆ ರಜೆಯ ನಡುವೆ ಬಿದ್ದ ಭಾನುವಾರವನ್ನು ಆ ರಜೆಯಲ್ಲಿಯೇ ಸೇರಿಸಿ ಎಣಿಸುವರು. ಸಾಂದರ್ಭಿಕ ರಜೆಯ ನಡುವೆ ಬಿದ್ದುದನ್ನು ಸೇರಿಸುವುದಿಲ್ಲ. ‘ರಜೆಯಲ್ಲಿ ರಜೆ ಸೇರುವುದೇ?’ ಎಂದು ಕೇಳಿದರೆ ಯಾರಿಗೂ ಅರ್ಥವಾಗದು. ಆದಕಾರಣ ಅನುಮತಿಗೆ ‘ರಜೆ’ಯೆಂದೂ ಬಿಡುವಿನ ದಿನಕ್ಕೆ ‘ರಜಾದಿನ’ವೆಂದೂ ಕಟ್ಟುನಿಟ್ಟಾಗಿ ಬರೆಯುವುದು ಕಚೇರಿಯ ಕನ್ನಡಕ್ಕೆ ಹಿತಕರ.

೮

ಒಡೆಯನ ಸಂತೋಷವಾಗಿದ್ದ ರಜೆಯು ದುಡಿಯುವವನ ಹಕ್ಕಾಗುತ್ತ ಬಂದುದು ಹೋರಾಟದಿಂದ. ಮುಂಬಯಿಯ ಗಿರಣಿಗಳಲ್ಲಿ ವಾರಕ್ಕೊಂದು ದಿನದ ಬಿಡುವಿಗಾಗಿ ನಾರಾಯಣ ಮೇಘಾಜೀ ಲೋಖಂಡೆಯವರು ಕೆಲಸಗಾರರನ್ನು ಕೂಡಿಸಿ ಮನವಿಗಳನ್ನು ಸಲ್ಲಿಸಿದರು. ೧೮೯೦ರಲ್ಲಿ ಗಿರಣಿಯ ಒಡೆಯರು ಭಾನುವಾರದ ಬಿಡುವಿಗೆ ಒಪ್ಪಿದರು. ಅಂದು ಅದು ಒಡೆಯರ ಒಪ್ಪಿಗೆಯೇ ಆಗಿದ್ದಿತು. ೧೯೪೮ರ ಕಾರ್ಖಾನೆಗಳ ಕಾಯಿದೆಯು ವಾರದ ಬಿಡುವನ್ನು ವಿಧಿಸಿದುದಲ್ಲದೆ, ವರ್ಷದಲ್ಲಿ ೨೪೦ ದಿನ ದುಡಿದ ಪ್ರಾಯದ ಕೆಲಸಗಾರನಿಗೆ ಪ್ರತಿ ೨೦ ದಿನದ ದುಡಿಮೆಗೆ ಒಂದು ದಿನದಂತೆ ಸಂಬಳಸಹಿತ ರಜೆಯನ್ನು ಕೊಟ್ಟಿತು. ಕ್ರಮವಾಗಿ ಕೇಳಿದ ರಜೆಯನ್ನು ನಿರಾಕರಿಸಿದರೆ, ಆ ದಿನಗಳು ಮಿತಿಯಿಲ್ಲದೆ ಮುಂದಿನ ವರ್ಷದ ಲೆಕ್ಕಕ್ಕೆ ಸೇರುವಂತೆಯೂ ಅದರಲ್ಲಿ ಏರ್ಪಾಡು ಮಾಡಿತ್ತು. ೧೯೬೧ರ ಹೆರಿಗೆ ಸೌಲಭ್ಯದ ಕಾಯಿದೆಯು ೧೨ ವಾರಗಳ ಬಿಡುವನ್ನು ವಿಧಿಸಿತು. ೨೦೧೭ರ ತಿದ್ದುಪಡಿಯು ಮೊದಲ ಎರಡು ಮಕ್ಕಳ ಮಟ್ಟಿಗೆ ಅದನ್ನು ೨೬ ವಾರಗಳಿಗೆ ಏರಿಸಿತು. ಜನರು ಇದನ್ನು ‘ಹೆರಿಗೆ ರಜೆ’ ಎನ್ನುವರು. ಆದರೆ ಇಲ್ಲಿ ಒಡೆಯನು ಒಪ್ಪುವುದಕ್ಕಾಗಲಿ ಒಪ್ಪದಿರುವುದಕ್ಕಾಗಲಿ ಆಸ್ಪದವಿಲ್ಲ. ಮೂಲಾರ್ಥದ ಪ್ರಕಾರ ಇದು ರಜೆಯೇ ಅಲ್ಲ. ಆದರೂ ರಜೆಯೆಂಬ ಹೆಸರು ನಿಂತಿದೆ.

ಈ ಕಾಯಿದೆಗಳ ಆಶ್ರಯವಿಲ್ಲದೆ ದುಡಿಯುವವರು ಬಹಳ ಮಂದಿ. ಮನೆಗೆಲಸದವಳು ‘ಅಮ್ಮಾ, ನಾಳೆ ರಜ ಬೇಕು’ ಎಂದು ಬಾಗಿಲಲ್ಲಿ ನಿಂತು ಕೇಳುವಾಗ ಆ ಶಬ್ದವು ತನ್ನ ಹುಟ್ಟಿನ ಅರ್ಥದಲ್ಲಿಯೇ ಇದೆ. ಮನೆಯೊಡತಿಯ ಸಂತೋಷವಿದ್ದರೆ ದೊರೆಯುವುದು, ಇಲ್ಲದಿದ್ದರೆ ಇಲ್ಲ.

ನಿಘಂಟುಕಾರರು ಈ ಶಬ್ದಕ್ಕೆ ಅರ್ಥಗಳನ್ನು ಕೊಡುವಾಗ ಚರಿತ್ರೆಯ ಕ್ರಮವನ್ನು ಅನುಸರಿಸುವುದು ಉಚಿತ. ಮೊದಲು ಒಪ್ಪಿಗೆ, ಎರಡನೆಯದು ಕೆಲಸಕ್ಕೆ ಬಾರದಿರಲು ಪಡೆದ ಅನುಮತಿ, ಮೂರನೆಯದು ಆ ಅನುಮತಿಯ ಅವಧಿ, ನಾಲ್ಕನೆಯದು ಎಲ್ಲರಿಗೂ ಸಾರಿದ ಬಿಡುವಿನ ದಿನ, ಐದನೆಯದು, ಆಡುಮಾತಿನಲ್ಲಿ ಮಾತ್ರ, ಗೈರುಹಾಜರಿ. ಮೊದಲನೆಯ ಅರ್ಥವು ಮಾತಿನಲ್ಲಿ ಬಳಕೆ ತಪ್ಪಿರುವುದು ನಿಜ. ನಿಯಮಗಳಲ್ಲಿ ಅದು ಇನ್ನೂ ಬಳಕೆಯಲ್ಲಿದೆ. ರಜೆಯ ಅರ್ಜಿಯನ್ನು ಬರೆಯುವವರು ಇದನ್ನು ನೆನಪಿನಲ್ಲಿಟ್ಟುಕೊಂಡು, ಅದು ಮಂಜೂರಾಯಿತೇ ಎಂದು ವಿಚಾರಿಸಿಕೊಂಡು ಊರಿಗೆ ಹೊರಡುವುದು ಲೇಸು.